ಮುಚ್ಚಳ ಕೂತ ಜಾಡಿ

ಕೇನ್ ಫೋರ್ಕ್, ಕೆಂಟಕಿ
ಸೋಮವಾರ, ಆಗಸ್ಟ್ ೧೪, ೨೦೨೩

ಪ್ರೀತಿಯ ಮಗಳು ತಬಿಥಾಳಿಗೆ,

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನಲ್ಲಿ ಹಗಲೂ ರಾತ್ರಿ ಏಸಿ ಓಡುತ್ತದೆ ಎಂದಿದ್ದೆ. ಅಜ್ಜಿ ಹೆಣೆದುಕೊಟ್ಟ ಶಾಲು ಪೆಟ್ಟಿಗೆಯ ತಳದಲ್ಲಿ ಬಿದ್ದಿರುವುದಕ್ಕಲ್ಲ, ಹೊದ್ದುಕೋ. ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಬೇಡ. ಇಲ್ಲಿ ದೇವರ ದಯೆಯಿಂದ ಎಲ್ಲರೂ ಕ್ಷೇಮ. ಅಪ್ಪನ ಮೊಣಕಾಲು ಹಾಗೇ ಇದೆ, ಆದರೆ ಶಾಲೆ ಶುರುವಾದದ್ದರಿಂದ ಮತ್ತೆ ಬಸ್ಸು ಓಡಿಸುತ್ತಿದ್ದಾರೆ. ಮಕ್ಕಳ ಗಲಾಟೆ ಕಿವಿಗೆ ಬಿದ್ದರೆ ಅವರ ಕಾಲಿಗೆ ನೋವೇ ನೆನಪಾಗುವುದಿಲ್ಲ. ಅಜ್ಜಿಗೆ ಎಂಬತ್ತೆರಡಾದರೂ ನಾನು ತೊಳೆದ ಪಾತ್ರೆಯನ್ನು ಇನ್ನೊಮ್ಮೆ ತೊಳೆಯುವಷ್ಟು ಶಕ್ತಿ ಇದೆ. ನಿನ್ನೆ ಪ್ರಾರ್ಥನೆಯಲ್ಲಿ ಪಾದ್ರಿಗಳು ನಿನ್ನ ಹೆಸರು ಹೇಳಿದರು. ಹಿಂದಿನ ಬೆಂಚಿನಿಂದ ಯಾರೋ ಆಮೆನ್ ಎಂದು ಅಷ್ಟು ಜೋರಾಗಿ ಹೇಳಿದರು, ತಿರುಗಿ ನೋಡಿದರೆ ನಿನ್ನ ಅಪ್ಪ.

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು "ಸರಿ ಅಮ್ಮಾ, ಸರಿ ಅಮ್ಮಾ" ಎನ್ನುತ್ತೀಯ, ಆಮೇಲೆ ನಿನಗೆ ತೋಚಿದ್ದನ್ನೇ ಮಾಡುತ್ತೀಯ. ಕಾಗದಕ್ಕೆ ಸರಿ ಅಮ್ಮಾ ಎನ್ನಲು ಬರುವುದಿಲ್ಲ, ಕೊನೆಯವರೆಗೆ ಓದಲೇಬೇಕು.

ಗುರುವಾರ ನೀನು ಅಳುತ್ತಾ ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ನಿನ್ನ ಕೋಣೆಯಲ್ಲಿರುವ ಆ ಡಾಕ್ಟರರ ಮಗಳು, "ಓ, ಆ ಸಣ್ಣ ಕಾಲೇಜಿಂದ ಬಂದವಳಾ? ಅಲ್ಲಿ ಕ್ಲಾಸಿಗೆ ಬಂದವರಿಗೆಲ್ಲ ಎ ಗ್ರೇಡ್ ಕೊಡ್ತಾರಂತಲ್ಲ" ಎಂದಳಂತೆ. ಅಷ್ಟಕ್ಕೇ ನೀನು ಹೋಗಿ, ಇಲ್ಲಿಯ ಕಾಲೇಜಿನಲ್ಲಿ ಎರಡು ವರ್ಷ ಓದಿ ಎ ತೆಗೆದ ಬಯಾಲಜಿಗೂ ಕೆಮಿಸ್ಟ್ರಿಗೂ ಮತ್ತೆ ಮೊದಲಿನಿಂದ ಹೆಸರು ಬರೆಸಿ ಬಂದೆ. ದೊಡ್ಡ ವಿಶ್ವವಿದ್ಯಾಲಯದ ಮುದ್ರೆ ಬೀಳದಿದ್ದರೆ ಮೆಡಿಕಲ್ ಕಾಲೇಜಿನವರು ನಂಬುವುದಿಲ್ಲ ಎಂದು ನಿನ್ನ ಲೆಕ್ಕ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮೂವತ್ತು ವರ್ಷ ಕಳೆದ ಮೇಲೆ ನೀನೇ ಅಡುಗೆಮನೆಯ ಮೇಜಿಗೆ ಕೂರಿಸಿ, ದುಂಡನೆಯ ಕೇಕು ಕೊಯ್ದು ಭಿನ್ನರಾಶಿ ಕಲಿಸಿ, ನನ್ನ ಕೈಲಿ ಹೈಸ್ಕೂಲು ಪರೀಕ್ಷೆ ಕಟ್ಟಿಸಿ ಪಾಸು ಮಾಡಿಸಿದೆ. ಅಂಥವಳು ನಿನಗೆ ಯಾವ ಕ್ಲಾಸು ಆರಿಸು, ಯಾವುದು ಬೇಡ ಎಂದು ಹೇಳುವುದೇ? ಆದರೂ ಗೊತ್ತಿಲ್ಲದ್ದನ್ನು ಗೊತ್ತಿದ್ದವರಲ್ಲಿ ಕೇಳಲು ನಾಚಿಕೆ ಯಾಕೆ ಎಂದುಕೊಂಡು, ಶುಕ್ರವಾರ ವೃದ್ಧಾಶ್ರಮದ ಕೆಲಸಕ್ಕೆ ಅರ್ಧ ದಿನ ರಜೆ ಹೇಳಿ, ಎರಡು ಜಾಡಿ ಟೊಮೆಟೊ ಹಿಡಿದು, ನಿನ್ನ ಹಳೆಯ ಕಾಲೇಜಿನ ಕೆಮಿಸ್ಟ್ರಿ ಟೀಚರ್ ಕೂಮ್ಸ್ ಅವರನ್ನು ನೋಡಲು ಹೋದೆ.

ಅವರು ಜಾಡಿಗಳನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ನನ್ನ ಮಾತು ಕೇಳಿದರು. ನೀನು ಮಾಡಿದ್ದು ತಿಳಿಯುತ್ತಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿನಗೆ ಗೊತ್ತಲ್ಲ, ಅವರು ಕನ್ನಡಕ ತೆಗೆದರೆ ಯಾರಿಗೋ ಕಾದಿದೆ ಎಂದೇ ಅರ್ಥ. ಸಣ್ಣ ಕಾಲೇಜಿನ ಅಂಕಗಳನ್ನು ಅನುಮಾನದಿಂದ ನೋಡುವ ಮೆಡಿಕಲ್ ಕಾಲೇಜುಗಳು ಇಲ್ಲವೆಂದು ಅವರು ಸುಳ್ಳು ಹೇಳಲಿಲ್ಲ. ಇವೆ ಎಂದರು. ಆದರೆ ಅರ್ಜಿಯಲ್ಲಿ ಎಲ್ಲೆಲ್ಲಿ ಏನೇನು ಓದಿದೆ ಎಂಬುದನ್ನು ಒಂದೂ ಬಿಡದೆ ಬರೆಯಬೇಕಂತೆ, ಹಳೆಯದೂ ಕಾಣುತ್ತದೆ, ಹೊಸದೂ ಕಾಣುತ್ತದೆ. ಎರಡು ಸಲ ಕೂತರೂ ಕ್ರೆಡಿಟ್ಟು ಸಿಗುವುದು ಒಂದೇ ಸಲದ್ದು. "ನೋಡಿ ಲೊವೆಟಾ, ಎ ಬಂದ ಕ್ಲಾಸಿಗೆ ಮತ್ತೆ ಹೋಗಿ ಕೂತ್ರೆ ಅರ್ಜಿ ಓದೋರಿಗೆ ಅನಿಸೋದು ಒಂದೇ, ಈ ಹುಡುಗಿಗೆ ತನ್ನ ಮೇಲೇ ನಂಬಿಕೆ ಇಲ್ಲ ಅಂತ. ಮುಂದಿನದಕ್ಕೆ ಹೋಗ್ಲಿ. ಮೇಲಿನ ಕ್ಲಾಸಲ್ಲಿ ಬಂದ ಅಂಕವೇ ಕೆಳಗಿನ ಅಂಕಕ್ಕೆ ಸಾಕ್ಷಿ ಹೇಳುತ್ತೆ" ಎಂದರು.

ಆಮೇಲೆ ಒಂದು ಚೀಟಿ ಬರೆದುಕೊಟ್ಟರು, ಇದರ ಜೊತೆಗೇ ಇಟ್ಟಿದ್ದೇನೆ. ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದು, ಫಿಸಿಯಾಲಜಿ ಒಂದು. ಮೊದಲ ಟರ್ಮಿಗೆ ವಿಜ್ಞಾನ ಅಷ್ಟೇ ಸಾಕು, ಜೊತೆಗೆ ಹಗುರವಾದದ್ದು ಯಾವುದಾದರೂ ಎರಡು. ಬಯೋಕೆಮಿಸ್ಟ್ರಿ ಮುಂದಿನ ವರ್ಷ. ಧೈರ್ಯ ಬಂದುಬಿಟ್ಟಿತೆಂದು ನೀನು ಒಂದೇ ಸಲಕ್ಕೆ ನಾಲ್ಕು ಲ್ಯಾಬು ಹಿಡಿಯುತ್ತೀಯ ಎಂಬ ಭಯ ಅವರಿಗೂ ಇದೆ, ನನಗೂ ಇದೆ. ಹೊಸ ಜಾಗಕ್ಕೆ ಬಂದ ಮಕ್ಕಳು ಮೊದಲ ಟರ್ಮಿನಲ್ಲೇ ಹೊರಲಾರದಷ್ಟು ಹೊತ್ತು ಮುಗ್ಗರಿಸುವುದನ್ನು ಅವರು ಬೇಕಾದಷ್ಟು ನೋಡಿದ್ದಾರಂತೆ.

ಶನಿವಾರ ಅಜ್ಜಿಯೂ ನಾನೂ ಚಳಿಗಾಲಕ್ಕೆಂದು ಹುರುಳಿಕಾಯಿ ಜಾಡಿಗೆ ತುಂಬಿದೆವು. ಈ ವರ್ಷ ಬಳ್ಳಿ ಬಾಗುವಷ್ಟು ಕಾಯಿ. ಹಬೆಯ ಪಾತ್ರೆಯಿಂದ ತೆಗೆದು ಟವೆಲ್ಲಿನ ಮೇಲೆ ಸಾಲಾಗಿ ಇಟ್ಟ ಜಾಡಿಗಳು ತಣಿದಂತೆಲ್ಲ, ಮುಚ್ಚಳಗಳು ಗಾಳಿಯಾಡದಂತೆ ಬಿಗಿದು ಒಂದೊಂದೇ ಟಿಣ್ ಎಂದು ಒಳಕ್ಕೆ ಕೂರುತ್ತಿದ್ದವು. ನೀನು ಚಿಕ್ಕವಳಿದ್ದಾಗ ಮೇಜಿನ ಕೆಳಗೆ ಕೂತು ಅದನ್ನು ಎಣಿಸುತ್ತಿದ್ದೆ. ಆಗ ಅಜ್ಜಿ ನಗುತ್ತಾ ಹಳೆಯ ಮಾತೊಂದನ್ನು ಎತ್ತಿದರು. ನಿನಗೆ ನಾನು ಇದನ್ನು ಎಂದೂ ಹೇಳಿಲ್ಲ, ನಾಚಿಕೆಯಿಂದ.

ಮದುವೆಯಾದ ಮೊದಲ ವರ್ಷ ನಾನೊಬ್ಬಳೇ ಹದಿನಾಲ್ಕು ಜಾಡಿ ಹುರುಳಿಕಾಯಿ ಮಾಡಿದ್ದೆ. ಹದಿನಾಲ್ಕೂ ಟಿಣ್ ಎಂದಿದ್ದವು, ನನ್ನ ಕಿವಿಯಿಂದಲೇ ಕೇಳಿದ್ದೆ. ಮಾರನೆಯ ದಿನ ನಿನ್ನ ದೊಡ್ಡತ್ತೆ ಬಂದು, "ನಿಮ್ಮ ಕಡೆಯವರಿಗೆ ಇದೆಲ್ಲ ಬರುತ್ತಾ?" ಎಂದು ಸುಮ್ಮನೆ ಒಂದು ಮಾತು ಆಡಿ ಹೋದಳು. ಅವಳು ಜಾಡಿ ಮುಟ್ಟಿಯೂ ನೋಡಿರಲಿಲ್ಲ. ನಾನು ಎಲ್ಲರೂ ಚರ್ಚಿಗೆ ಹೋಗಿದ್ದಾಗ ತಲೆನೋವೆಂದು ಸುಳ್ಳು ಹೇಳಿ ಉಳಿದು, ಹದಿನಾಲ್ಕೂ ಜಾಡಿಯ ಮುಚ್ಚಳ ಕಿತ್ತು, ಮತ್ತೆ ತುಂಬಿ, ಮತ್ತೆ ಬೇಯಿಸಿದೆ. ದೇವರು ಅದಕ್ಕೆ ಅಲ್ಲೇ ಶಿಕ್ಷೆ ಕೊಟ್ಟ. ಕಾಯಿ ಕರಗಿ ಗಂಜಿಯಾಯಿತು. ಚಳಿಗಾಲದಲ್ಲಿ ಮೊದಲ ಜಾಡಿ ತೆಗೆದಾಗ ನಿನ್ನ ಅಪ್ಪ ಚಮಚ ಎತ್ತಿ ಹಿಡಿದು, "ಇದು ಹಲ್ಲಿಲ್ಲದವರಿಗೆ ಅಂತ ಮಾಡಿದ್ದಾ?" ಎಂದರು. ನನಗೆ ಅಳು ಬಂತು, ಎಲ್ಲ ಹೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ. ಬಡಿಸಿಕೊಂಡು ತಿನ್ನುತ್ತಲೇ ಹೇಳಿದರು: "ಏ ಹುಡುಗಿ, ಮುಚ್ಚಳ ತಾನಾಗೇ ಹೇಳಿತ್ತು. ಅದನ್ನ ನಂಬ್ದೆ ಅವಳನ್ನ ನಂಬಿದೆಯಲ್ಲೇ."

ಇದಕ್ಕಿಂತ ಹೆಚ್ಚು ನಾನೇನು ಹೇಳಲಿ ತಬೀ? ನೀನು ನಾಲ್ಕು ಗಂಟೆಗೆ ಎದ್ದು ಓದಿದ್ದನ್ನು ನೋಡಿದವಳು ನಾನು. ಕೂಮ್ಸ್ ಟೀಚರು ಎ ಅನ್ನು ಮಿಠಾಯಿಯಂತೆ ಹಂಚುವವರಲ್ಲ, ಪಾದ್ರಿಗಳ ಮಗನನ್ನೇ ಎರಡು ಸಲ ಫೇಲು ಮಾಡಿದ್ದಾರೆ. ಕ್ಲಾಸು ಬದಲಾಯಿಸಲು ಇಪ್ಪತ್ತೈದರ ಶುಕ್ರವಾರದವರೆಗೆ ಅವಕಾಶ ಇದೆ ಎಂದು ನೀನೇ ಹೇಳಿದ್ದೆ. ನಿನ್ನ ಬದಲು ನಾನು ಆರಿಸಲಾರೆ, ಆರಿಸುವುದೂ ಇಲ್ಲ. ಆದರೆ ಅಲ್ಲಿಯವರೆಗೆ ಪ್ರತಿ ಬೆಳಿಗ್ಗೆ ಮೊಣಕಾಲೂರಿ ದೇವರಲ್ಲಿ ಕೇಳಿಕೊಳ್ಳುತ್ತೇನೆ. ಆತ ನನ್ನ ಮಾತು ಕೇಳುತ್ತಾನೆ, ನಿನ್ನ ಅಪ್ಪನಿಗಿಂತ ಹೆಚ್ಚಾಗಿಯೇ ಕೇಳುತ್ತಾನೆ.

ಆ ಹುಡುಗಿಯ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಮನೆಯಿಂದ ದೂರ ಬಂದವಳು ಅವಳೂ. ಮುಂದಿನ ಸಲ ಬರುವಾಗ ಕರೆದುಕೊಂಡು ಬಾ, ಹುರುಳಿಕಾಯಿ ತಿನ್ನಿಸೋಣ. ಅಪ್ಪನ ಮುತ್ತು, ಅಜ್ಜಿಯ ಆಶೀರ್ವಾದ. ಹೋಗುವ ದಾರಿಯಲ್ಲೆಲ್ಲ ದೇವರು ನಿನ್ನ ಮುಂದೆ ನಡೆಯಲಿ.

ನಿನ್ನ
ಅಮ್ಮ

ಮರೆತಿದ್ದೆ, ಅಂಚೆಯವನ ಗಾಡಿ ತಿರುವಿಗೆ ಬಂದಿದೆ, ಬೇಗ ಬರೆಯುತ್ತೇನೆ. ನಿನ್ನ ಬಯಾಲಜಿಯ ನೀಲಿ ನೋಟುಬುಕ್ಕು ಅಲ್ಲಿದ್ದರೆ ಕೂಡಲೇ ಕಳಿಸು. ನಾನು ಏಳಲು ಹೊರಟಾಗ ಕೂಮ್ಸ್ ಟೀಚರು ನನ್ನ ಮುಂದೆ ಒಂದು ಅರ್ಜಿ ಇಟ್ಟರು, ನರ್ಸಿಂಗ್ ಓದುವುದಕ್ಕೆ. ನಾನು ಅಲ್ಲೇ ತುಂಬಿ ಕೊಟ್ಟೆ. ಮುಂದಿನ ಮಂಗಳವಾರದಿಂದ ಬೆಳಿಗ್ಗೆ ಹತ್ತಕ್ಕೆ ನಿನ್ನ ಅದೇ ಹಳೆಯ ಬಯಾಲಜಿ ಕ್ಲಾಸು, ನೀನು ಕೂರುತ್ತಿದ್ದ ಎರಡನೆಯ ಸಾಲನ್ನೇ ಹಿಡಿಯುತ್ತೇನೆ. ಒಂದೇ ಮನೆಯಿಂದ ಇಬ್ಬರು ಈ ವರ್ಷ ಅದೇ ಪಾಠಕ್ಕೆ ಕೂರುವುದು ಬೇಡ. ಅದನ್ನು ನನಗೆ ಬಿಡು, ನೀನು ಮುಂದಿನದಕ್ಕೆ ನಡೆ.