ಏಳು ಸಲ ತೊಳೆದ ಜಾಡಿಗಳು

ಜೂನ್ 3, ಸೋಮವಾರ

ನಲವತ್ತು ಜಾಡಿ. ಸೋಪು, ಬ್ರಷ್, ಆಮೇಲೆ ಐದು ಸಲ ಬರೀ ಬಿಸಿನೀರು. ಬೋರಲು ಹಾಕಿ ಒಣಗಿಸುವುದು. ಮಧ್ಯಾಹ್ನದ ಹೊತ್ತಿಗೆ ಬೆರಳಿಗೆಲ್ಲ ಹುಳಿ ವಾಸನೆ.

ಕಾಂಬುಚಾ ಅಂದರೆ ಹುಳಿ ಬರಿಸಿದ ಸಿಹಿ ಚಹಾ. ಜಾಡಿಗೆ ಚಹಾ ಹೊಯ್ದು, ಹಳೆಯ ಕೆನೆಯ ಒಂದು ಚೂರು ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾರೆ. ಆ ಚೂರಿಗೆ ಲ್ಯಾಬಿನಲ್ಲಿ ತಾಯಿ ಅನ್ನುತ್ತಾರೆ. ಹದಿನಾಲ್ಕು ದಿನಕ್ಕೆ ಮೇಲೆ ದಪ್ಪ ಬಿಳಿ ಕೆನೆ. ಅದನ್ನು ಒಣಗಿಸಿ ಸುಟ್ಟಗಾಯಕ್ಕೆ ಕಟ್ಟುವ ಪಟ್ಟಿ ಮಾಡಬೇಕು ಅನ್ನುವುದು ಮೇಡಂ ಅವರ ಸಂಶೋಧನೆ.

ಇವತ್ತೂ ಒಣಗಿದ ಹಾಳೆ ಮೂರು ಪದರವಾಗಿ ಬಿಟ್ಟುಕೊಂಡಿತು. ಈರುಳ್ಳಿ ಸಿಪ್ಪೆಯ ಹಾಗೆ. ಮೇಡಂ ನೇರ ನನ್ನ ಸಿಂಕ್ ಹತ್ತಿರ ಬಂದರು.

“ಜಾಡೀಲಿ ಸೋಪು ಉಳಿದಿದೆ ಕಣಮ್ಮ. ಇನ್ನೇನಿರುತ್ತೆ?”

ಐದು ಸಲ ತೊಳೆದಿದ್ದೇನೆ ಅನ್ನಬೇಕಿತ್ತು. “ಹೂಂ ಮೇಡಂ” ಅಂದೆ. ನನ್ನ ನಾಲಿಗೆಗೆ ಏನು ಬಂದಿದೆಯೋ!

ಜೂನ್ 4

ಏಳು ಸಲ ತೊಳೆದೆ. ನಲವತ್ತೂ. ಕೈಯ ಚರ್ಮ ಒಡೆದಿದೆ. ಅತ್ತಿಗೆ ಎಣ್ಣೆ ಹಚ್ಚುತ್ತ ಶುರುಮಾಡಿದರು.

“ಅಲ್ಲ ಕಣೇ, ಚಹಾ ಹುಳಿ ಬರ್ಸೋಕೆ ಅಷ್ಟೊಂದು ಓದ್ಬೇಕಾ? ನಿಮ್ಮಣ್ಣ ದಿನಾ ಲೋಟ ಮಂಚದ ಕೆಳಗೆ ಮರೆತು ಅದನ್ನೇ ಮಾಡ್ತಾರೆ. ಅವರಿಗೂ ಒಂದು ಬಿಳಿ ಕೋಟು ಕೊಡ್ಸು.”

ನಗಬೇಕಿತ್ತು. ಆಗಲಿಲ್ಲ.

ಜೂನ್ 6

ಹನ್ನೊಂದಕ್ಕೆ ಸರಿಯಾಗಿ ಕನ್ನಡಕ ಬಂದರು. (ನಾನಿಟ್ಟ ಹೆಸರು. ಮೇಡಂ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿರುವವರು.) ಕಿಟಕಿ ಸಾಲಿನ ಜಾಡಿಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಓರೆ ಮಾಡಿ, ಸ್ಕೇಲ್ ಇಟ್ಟು ಕೆನೆಯ ದಪ್ಪ ಬರೆದುಕೊಂಡರು. ದಿನಾ ಹೀಗೇ. ಒಂದು ದಿನ ತಪ್ಪಿಸಿದ್ದಿಲ್ಲ. ಅಷ್ಟು ಶ್ರದ್ಧೆ.

ಎಂಟು ತಿಂಗಳಿಂದ ನೋಡುತ್ತಿದ್ದೇನೆ. ಇವತ್ತು ತಲೆಗೆ ಹೊಳೆಯಿತು. ಓರೆ ಮಾಡಿದಾಗ ಕೆನೆ ಮುಳುಗುತ್ತದೆ. ಚಹಾ ಅದರ ಮೇಲೆ ಬರುತ್ತದೆ. ಆ ಚಹಾದ ಮೇಲೆ ಹೊಸ ಕೆನೆ ಕಟ್ಟುತ್ತದೆ. ಹಳೆಯದಕ್ಕೂ ಹೊಸದಕ್ಕೂ ಅಂಟೇ ಇಲ್ಲ. ಒಣಗಿದ ಮೇಲೆ ಸುಲಿದುಕೊಳ್ಳದೆ ಇನ್ನೇನು?

ಸೋಪಲ್ಲ! ಸೋಪಲ್ಲವೇ ಅಲ್ಲ.

ಗೊತ್ತಾಗಿ ಏನು ಬಂತು? ಅವರು ಇಪ್ಪತ್ತು ವರ್ಷ ಓದಿದವರು. ನಾನು ಐದನೇ ಕ್ಲಾಸಿಗೆ ಬಿಟ್ಟವಳು.

ಜೂನ್ 7

ಬೆಳಗ್ಗೆ ಕನ್ನಡಕದವರ ಹಿಂದೆ ಹೋಗಿ ನಿಂತೆ.

“ಸರ್, ಆ ಜಾಡಿ...”

“ಏನ್ ತಾಯಿ, ಒಡೆದ್ಯಾ?”

“ಇಲ್ಲ ಸರ್.”

“ಸದ್ಯ!” ಅಂದು ಹೋಗಿಯೇಬಿಟ್ಟರು.

ಮೂರು ಮಾತು ಕೂಡಿಸಿ ಆಡಲು ಬಾರದ ನನಗೆ ಬರೆಯುವ ಚಟ ಬೇರೆ.

ಜೂನ್ 8, ಶನಿವಾರ

ಮಾಡಿಬಿಟ್ಟೆ. ಎಲ್ಲರೂ ಊಟಕ್ಕೆ ಹೋದಾಗ ತಾಯಿಯ ಒಂದು ಚೂರು ತೆಗೆದೆ. ಜಾಡಿಗೆ ಅದೇ ಸೋಪು ಹಾಕಿ ಒಂದೇ ಸಲ ನೀರು ಹೊಯ್ದೆ. ಬೇಕೆಂದೇ. ಚಹಾ ತುಂಬಿ, ಬಟ್ಟೆ ಕಟ್ಟಿ, ಓವನ್ ಹಿಂದಿನ ಶೆಲ್ಫಿನಲ್ಲಿಟ್ಟೆ. ಅಲ್ಲಿ ಬೆಚ್ಚಗಿರುತ್ತದೆ, ಯಾರೂ ಕೈ ಹಾಕುವುದಿಲ್ಲ.

ಲೇಬಲ್ ಹಚ್ಚಲಿಲ್ಲ. ನನ್ನ ಅಕ್ಷರ ಕಂಡರೆ ಗೊತ್ತಾಗಿಬಿಡುತ್ತದೆ. ಲೇಬಲ್ ಇಲ್ಲದ ಜಾಡಿ ಸಿಕ್ಕರೆ ಆವಿಯ ಪೆಟ್ಟಿಗೆಗೆ ಹಾಕಿ ಒಳಗೆ ಬೆಳೆದದ್ದನ್ನು ಕೊಲ್ಲಬೇಕು, ಅದು ಲ್ಯಾಬಿನ ನಿಯಮ. ಹಾಕುವವಳೂ ನಾನೇ.

ಜೂನ್ 15

ಏಳು ದಿನ. ದೂರದಿಂದ ನೋಡುತ್ತೇನೆ. ಬಟ್ಟೆ ಸರಿಸಿ ಒಮ್ಮೆ ಇಣುಕೋಣ ಅಂತ ಕೈ ತುರಿಸುತ್ತದೆ. ಕನ್ನಡಕದವರ ಕಷ್ಟ ಅರ್ಥವಾಗುತ್ತಿದೆ.

ಜೂನ್ 20

ಏಳು ಸಲ ತೊಳೆದ ನಲವತ್ತು ಜಾಡಿಯ ಹಾಳೆಗಳೂ ಸುಲಿದುಕೊಂಡವು. ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಜುಲೈ ಹದಿನೈದಕ್ಕೆ ಆಸ್ಪತ್ರೆ ಡಾಕ್ಟರುಗಳು ನೋಡೋಕೆ ಬರ್ತಾರೆ. ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ತೊಳೆಯೋಕೆ ಬೇರೆಯವರನ್ನ ಹುಡುಕ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ.”

ಮೈ ಬಿಸಿಯಾಗಿದೆ. ಜ್ವರವೋ ಸಿಟ್ಟೋ ಗೊತ್ತಿಲ್ಲ.

ಜೂನ್ 24, ಸೋಮವಾರ

ಜ್ವರವೇ. ಮೂರು ದಿನ ಹಾಸಿಗೆ. ಇವತ್ತು ಹೋದರೆ, ಆವಿಗೆ ಹಾಕುವ ಟ್ರೇಯಲ್ಲಿ ನನ್ನ ಜಾಡಿ!

“ಓವನ್ ಹಿಂದೆ ಸಿಕ್ತು” ಅಂದರು ಕನ್ನಡಕ. “ಯಾರದೋ ಅನಾಥ ಜಾಡಿ. ಮುಗಿಸ್ಬಿಡು.”

ಬಟ್ಟೆ ಬಿಚ್ಚಿದೆ. ಕೆನೆ ಹೆಬ್ಬೆರಳಿನಷ್ಟು ದಪ್ಪ. ಅಂಚಿನಿಂದ ಅಂಚಿಗೆ ಒಂದೇ. ಎದೆಗವಚಿಕೊಂಡು ಮೇಡಂ ಕೋಣೆಗೆ ನಡೆದೆ. ಮೇಜಿನ ಮೇಲಿಟ್ಟೆ.

“ಯಾರದಿದು?”

“ನಂದು ಮೇಡಂ.”

ಕೇಳದೆ ತಾಯಿ ತೆಗೆದದ್ದಕ್ಕೆ ಚೆನ್ನಾಗಿ ಬೈಸಿಕೊಂಡೆ. ಆದರೆ ಬೈಯುತ್ತಲೇ ಕೆನೆಯನ್ನು ಎತ್ತಿ ಒಣಗಲು ಹರಡಿದರು. ಉಳಿದದ್ದು ಹೇಳಲು ಬಾಯಿ ತೆರೆದೆ. ಫೋನ್ ಬಂತು. ಹೊರಗೆ ಬಂದುಬಿಟ್ಟೆ.

ಜೂನ್ 26

ಒಣಗಿದೆ. ಮೇಡಂ ಚಿಮಟದಲ್ಲಿ ಎಳೆದರು, ಉಗುರಿನಿಂದ ಕೆರೆದರು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಸುಲಿಯಲಿಲ್ಲ. ಒಂದೇ ಹಾಳೆ. ನನ್ನ ಕಣ್ಣು ತುಂಬಿತು.

ಎಲ್ಲರನ್ನೂ ಕರೆದರು. “ನಾನು ಹೇಳ್ಲಿಲ್ವಾ? ಸರಿಯಾಗಿ ತೊಳೆದ್ರೆ ಹೀಗೇ ಬರುತ್ತೆ! ನೋಡು, ಮನಸ್ಸು ಮಾಡಿದ್ರೆ ನಿನ್ನ ಕೈಲಾಗುತ್ತೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಡಕದವರೂ. ನಾನು ನೆಲ ನೋಡುತ್ತ ನಿಂತಿದ್ದೆ. ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಮನೆಗೆ ಬಂದು ಅತ್ತಿಗೆಯ ಮುಂದೆ ಎಲ್ಲ ಒದರಿದೆ.

“ನನ್ ಹತ್ರ ಮುಕ್ಕಾಲು ಗಂಟೆ ಮಾತಾಡಿದ್ಯಲ್ಲ, ಅದರಲ್ಲಿ ಅರ್ಧ ನಿಮಿಷದ್ದು ಅಲ್ಲಿ ಹೇಳೋಕಾಗಲ್ವಾ? ಕೆಲಸಕ್ಕೆ ಹೋಗೋವಾಗ ಬಾಯಿ ಮನೇಲಿ ಬಿಟ್ಟು ಹೋಗ್ತೀಯಾ?”

“ಅವರ ಮುಂದೆ ನಾನು ಹೇಗೆ ಅತ್ತಿಗೆ...”

“ಹಾಗಾದ್ರೆ ತೊಳೀತಾ ಇರು. ಏಳಲ್ಲ, ಎಪ್ಪತ್ತು ಸಲ.”

ಜೂನ್ 28

ಹೊಸ ನಲವತ್ತು ಇಟ್ಟರು. ಡಾಕ್ಟರುಗಳಿಗೆ ತೋರಿಸುವವು ಇವೇ. “ಅವತ್ತಿನ ಹಾಗೇ ತೊಳಿ” ಅಂದರು ಮೇಡಂ. ಅವತ್ತಿನ ಹಾಗೆ! ಇವೂ ಸುಲಿದರೆ ಬೇಕೆಂದೇ ಕೆಡಿಸಿದಳು ಅನ್ನುತ್ತಾರೆ. ನನ್ನ ಗುಂಡಿಯನ್ನು ನಾನೇ ತೋಡಿಕೊಂಡೆ.

ಜುಲೈ 1, ಸೋಮವಾರ

ಹನ್ನೊಂದು ಗಂಟೆ. ಜಾಡಿಗಳಲ್ಲಿ ಕೆನೆ ಈಗಷ್ಟೇ ತೆಳುವಾಗಿ ಕೂತಿತ್ತು. ಕನ್ನಡಕದವರು ಸ್ಕೇಲ್ ಹಿಡಿದು ಬಂದರು. ಮೊದಲ ಜಾಡಿಗೆ ಕೈ ಚಾಚಿದರು.

“ಮುಟ್ಟಬೇಡಿ!”

ಯಾರು ಕೂಗಿದ್ದು ಅಂತ ನಾನೇ ತಿರುಗಿ ನೋಡಿದೆ.

“ಅಳತೆ ಬರ್ಕೋಬೇಕಲ್ಲ?” ಅಂದರು. ಪಾಪ, ಮುಖ ಸಣ್ಣಗಾಗಿತ್ತು.

“ಬೇಡ ಸರ್. ಹದಿನಾಲ್ಕು ದಿನ ಬೇಡ.”

ಮೇಡಂ ಕೋಣೆಯಿಂದ ಬಂದರು. ನನ್ನನ್ನು ನೋಡಿದರು, ಅವರನ್ನು ನೋಡಿದರು, ಅವರ ಕೈಯನ್ನೂ. ಸ್ಟೂಲ್ ಎಳೆದುಕೊಂಡು ನನ್ನೆದುರು ಕೂತರು.

“ಹೇಳು.”

ಹೇಳಿದೆ. “ಆ ಜಾಡಿ ನಾನು ಒಂದೇ ಸಲ ತೊಳೆದದ್ದು ಮೇಡಂ. ಸೋಪು ಅದೇ. ಆಮೇಲೆ ಅದನ್ನ ಯಾರೂ ಎತ್ತಿ ಓರೆ ಮಾಡ್ಲಿಲ್ಲ.”