ಎಲ್ಡನ್ ಪಿಚರ್‌ಗಳನ್ನು ಕೂರಿಸಿದ ವಾರ

ಸೋಮವಾರ, ಸೆಪ್ಟೆಂಬರ್ 8 — ಬೆಳಿಗ್ಗೆ 6.20

ಕಾಫಿ ಆಯಿತು. ಟ್ಯಾಬ್ಲೆಟ್ ತೆರೆದು ಮೊದಲು ಅಣ್ಣನ ತಂಡ ನೋಡಿದೆ, ಆಮೇಲೆ ನನ್ನದು. ಹತ್ತೊಂಬತ್ತು ವರ್ಷದಿಂದ ಇದೇ ಕ್ರಮ. ಬೇಸ್‌ಬಾಲ್ ಆಡುವವರು ಎಲ್ಲೋ ಚಿಕಾಗೋದಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿ ಆಡುತ್ತಾರೆ. ರಸೀನ್ ಊರಿನ ನಾವು ಹತ್ತು ಜನ ಮುದುಕ ಮುದುಕಿಯರು ಅಡುಗೆಮನೆಯ ಮೇಜಿಗೆ ಕೂತು, ಅವರ ಹೆಸರುಗಳನ್ನು ಜೋಡಿಸಿ ತಂಡ ಕಟ್ಟಿ ಜಗಳವಾಡುತ್ತೇವೆ. ಅವರು ನಿಜವಾಗಿ ಆಡಿದ್ದೇ ನಮ್ಮ ಅಂಕ; ದಿನಾ ನಾವು ಕಣಕ್ಕಿಳಿಸಿದವರದ್ದು ಮಾತ್ರ ಲೆಕ್ಕಕ್ಕೆ, ಬೆಂಚಿನಲ್ಲಿ ಕೂರಿಸಿದವರದ್ದು ಇಲ್ಲ.

ಈ ವಾರ ಸೆಮಿಫೈನಲ್. ಎದುರಾಳಿ ನನ್ನ ಅಣ್ಣ ಎಲ್ಡನ್. ಬೇರೆ ಯಾರಾದರೂ ಆಗಬಹುದಿತ್ತು. ಆಗಲಿಲ್ಲ.

ಹತ್ತು ಲೆಕ್ಕ. ಐದು ಬ್ಯಾಟಿನವು, ಐದು ಎಸೆತದವು. ಆರು ಗೆದ್ದವರಿಗೆ ವಾರ. ಎಸೆತದಲ್ಲಿ ಸೇವ್ ಎಂಬ ಲೆಕ್ಕವನ್ನು ಏಪ್ರಿಲಿನಲ್ಲೇ ಕೈಬಿಟ್ಟೆ. ಅದು ಅವನಿಗೇ ಇರಲಿ. ಉಳಿದ ಒಂಬತ್ತರಲ್ಲಿ ನನಗೆ ಆರು ಬೇಕು.

ಸೋತವರು ಪೆಕನ್ ಬೀಜ ತುಂಬಿದ ಕ್ರಿಂಗಲ್ ಎಂಬ ನಮ್ಮೂರ ಸಿಹಿ ರೊಟ್ಟಿ ಹಿಡಿದು ಗೆದ್ದವರ ಮನೆಗೆ ಹೋಗಿ, ಗಂಟೆ ಒತ್ತಿ, ಟೋಪಿ ತೆಗೆದು "ನೀನು ಗೆದ್ದೆ" ಅನ್ನಬೇಕು. ಲೀಗಿನ ಕಟ್ಟಳೆ. ಈ ವರ್ಷ ನನಗೆ ಫೈನಲ್ ಕೂಡ ಬೇಡ. ಅವನು ನನ್ನ ಬಾಗಿಲಿಗೆ ಬಂದರೆ ಸಾಕು.

ಮೇ ತಿಂಗಳಿನಿಂದ ಮಾತಿಲ್ಲ. ನಾನು ಮಾಡಿಕೊಂಡಿದ್ದ ಒಂದು ಆಟಗಾರರ ಅದಲುಬದಲನ್ನು ಮತ ಹಾಕಿಸಿ ತಡೆದ. ಫೋನ್ ಮಾಡಿ ಅಂದುಬಿಟ್ಟೆ — "ಅದಕ್ಕೇ ಕಣೋ ನಿನ್ನ ಮನೇಲಿ ಒಂದೇ ತಟ್ಟೆ ಇರೋದು." ಅವನು ಫೋನ್ ಇಟ್ಟ. ಒಂಟಿಯಾಗಿ ಬದುಕುವವನಿಗೆ ಆ ಮಾತು ಆಡಬಾರದಿತ್ತು. ಗೊತ್ತು. ಆದರೆ ಕ್ಷಮೆ ಕೇಳುವ ಅಭ್ಯಾಸ ನಮ್ಮ ಮನೆಯಲ್ಲೇ ಇರಲಿಲ್ಲ. ಅವನು ಕ್ರಿಂಗಲ್ ಹಿಡಿದು ಬಂದರೆ ಒಳಗೆ ಕರೆದು ಕಾಫಿ ಕೊಡಬಹುದು. ಅಷ್ಟೇ ನನ್ನ ಉಪಾಯ.

ಮಂಗಳವಾರ, 9 — ಬೆಳಿಗ್ಗೆ 6.25

ದಂಗಾದೆ. ನಿನ್ನೆ ಚೆಂಡೆಸೆಯುವ ಅವನ ಇಬ್ಬರು ಪಿಚರ್‌ಗಳು ಸೇರಿ ಹದಿನಾಲ್ಕು ಇನ್ನಿಂಗ್ಸ್ ಎಸೆದು ಒಂದೇ ರನ್ ಕೊಟ್ಟರು. ಇವತ್ತು ನೋಡಿದರೆ ಪಿಚರ್‌ಗಳೆಲ್ಲ ಬೆಂಚಿನಲ್ಲಿ! ಒಬ್ಬರೂ ಕಣದಲ್ಲಿಲ್ಲ.

ಸರಾಸರಿಯ ಲೆಕ್ಕ ಎರಡಿವೆ, ಅವನ್ನು ಹಾಗೇ ಹೆಪ್ಪುಗಟ್ಟಿಸುತ್ತಿದ್ದಾನೆ. ಎಸೆಯದವನು ರನ್ ಕೊಡುವುದಿಲ್ಲವಲ್ಲ. ಇದನ್ನು ಶುಕ್ರವಾರ, ಶನಿವಾರ ಮಾಡುವವರಿದ್ದಾರೆ. ಮಂಗಳವಾರ ಯಾರೂ ಮಾಡಿಲ್ಲ. ಆದರೆ ವಾರಕ್ಕೆ ಇಪ್ಪತ್ತು ಇನ್ನಿಂಗ್ಸ್ ಆಗಲೇಬೇಕು, ಇಲ್ಲದಿದ್ದರೆ ಎಸೆತದ ಐದೂ ಲೆಕ್ಕ ಎದುರಾಳಿಗೆ. ಅವನಿಗಿನ್ನೂ ಆರು ಇನ್ನಿಂಗ್ಸ್ ಬೇಕು. ಶನಿವಾರ ಅವನ ಎಡಗೈಯವನು ಎಸೆಯುತ್ತಾನೆ. ಅಲ್ಲಿಯವರೆಗೆ ಬಾಯಿ ಮುಚ್ಚಿ ಕೂರುತ್ತಾನೆ. ಮುದುಕನ ತಲೆ ಇನ್ನೂ ಓಡುತ್ತಿದೆ!

ಬುಧವಾರ, 10 — 6.20

ಮತ್ತೆ ದಂಗಾದೆ. ಅವನ ಲೆಫ್ಟ್ ಫೀಲ್ಡಿನವನಿಗೆ ನಿನ್ನೆ ತೊಡೆಯ ಸ್ನಾಯು ಹರಿದಿದೆ. ಟಿವಿಯಲ್ಲೇ ನೋಡಿದೆ, ಹೆಗಲು ಕೊಟ್ಟು ಕರೆದೊಯ್ದರು. ಅವನಿನ್ನೂ ಎಲ್ಡನ್ ತಂಡದಲ್ಲೇ ಇದ್ದಾನೆ. ಬೆಂಚಿನಲ್ಲಿ ಒಳ್ಳೆಯವನೊಬ್ಬ ಸುಮ್ಮನೆ ಕೂತಿದ್ದಾನೆ.

ನನ್ನನ್ನು ಆಟವಾಡಿಸುತ್ತಿದ್ದಾನೆ. ಕುಂಟನನ್ನು ಇಟ್ಟುಕೊಂಡೇ ನಿನ್ನ ಸೋಲಿಸ್ತೀನಿ ಅನ್ನುವ ಹಾಗೆ. ಟ್ಯಾಬ್ಲೆಟ್ಟಿಗೆ ಕೇಳಿಸುವಷ್ಟು ಜೋರಾಗಿ ನಕ್ಕೆ.

ಗುರುವಾರ, 11

ಇವತ್ತು ಅರ್ಧ ತಂಡಗಳಿಗೆ ರಜೆ. ಅವನ ಐದು ಜನ ಆಡುವುದೇ ಇಲ್ಲ, ಆದರೂ ಕಣದಲ್ಲಿದ್ದಾರೆ. ಆಡುವ ಮೂವರು ಬೆಂಚಿನಲ್ಲಿ. ನಗು ಬರಲಿಲ್ಲ ಈ ಸಲ, ಸಿಟ್ಟು ಬಂತು. ಇಷ್ಟು ಕೀಳಾಗಿ ನೋಡುತ್ತಾನಾ ನನ್ನನ್ನು?

ಹತ್ತು ಗಂಟೆಗೆ ಫೋನ್ ಕೈಗೆತ್ತಿಕೊಂಡೆ. ಮೊದಲು ಮಾತಾಡಿದರೆ ನಾನೇ ಸೋತಂತೆ. ಇಟ್ಟೆ.

ಶುಕ್ರವಾರ, 12 — ಮೀನೂಟ ಮುಗಿಸಿ ಬಂದು

ಲೀಗಿನವರು ಎಂದಿನಂತೆ ಸೇರಿದ್ದೆವು. ಎಲ್ಡನ್ ಮೇ ತಿಂಗಳಿನಿಂದ ಶುಕ್ರವಾರಗಳಿಗೆ ಬರುವುದು ಬಿಟ್ಟಿದ್ದಾನೆ, ನನ್ನ ಮುಖ ನೋಡಬಾರದೆಂದು. ಲೀಗ್ ನಡೆಸುವ ಡ್ವೇನ್ ಕೇಳಿದ, ಬಾಯ್ತುಂಬ ಮೀನಿಟ್ಟುಕೊಂಡು —

"ಏನಮ್ಮಾ ಆರ್ಲಿಸ್, ನಿಮ್ಮಣ್ಣ ನಿದ್ದೆ ಮಾಡ್ತಿದಾನಾ? ಐದು ಜಾಗ ಖಾಲಿ ಬಿಟ್ಟಿದ್ದ ನಿನ್ನೆ!"

"ನಿದ್ದೆನಾ? ಪೊಸಮ್ ಪ್ರಾಣಿ ಕಣಯ್ಯಾ ಅವನು. ಸತ್ತ ಹಾಗೆ ಬಿದ್ದಿರ್ತಾನೆ. ಹತ್ತಿರ ಹೋಗು, ಕಚ್ತಾನೆ."

ಇಡೀ ಮೇಜು ನಕ್ಕಿತು. ಬಡಿಸುವ ಹುಡುಗಿ ಕೂಡ.

ಶನಿವಾರ, 13 — ಬೆಳಿಗ್ಗೆ 11.50

ಅವನ ಎಡಗೈಯವನು ಹನ್ನೆರಡು ಹತ್ತಕ್ಕೆ ಎಸೆಯಬೇಕು. ಇನ್ನೂ ಬೆಂಚಿನಲ್ಲಿದ್ದಾನೆ. ನಾಳೆ ಎಲ್ಡನ್‌ಗೆ ಎಸೆಯುವವರೇ ಇಲ್ಲ. ಇವತ್ತೇ ಕೊನೆ. ಕೊನೇ ನಿಮಿಷಕ್ಕೆ ಹಾಕುತ್ತಾನೆ, ನನ್ನ ಹೊಟ್ಟೆ ಉರಿಸಲು. ಕಾಯುತ್ತೇನೆ.

12.05. ಬೆಂಚು.

12.11. ಆಟ ಶುರು, ಹೆಸರುಗಳಿಗೆ ಬೀಗ ಬಿತ್ತು. ಹಾಕಲಿಲ್ಲ.

2011ರಲ್ಲಿ ಒಂದೇ ಒಂದು ಔಟ್ ಕಡಿಮೆಯಾಗಿ, ಇಪ್ಪತ್ತು ಇನ್ನಿಂಗ್ಸ್ ಮುಟ್ಟದೆ ಸೋತಿದ್ದ. ಅಂದಿನಿಂದ ಅವನ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿದೆ. ಅದರಲ್ಲಿ ಬೇರೇನೂ ಇಲ್ಲ, 20 ಎಂದಷ್ಟೇ ಬರೆದಿದೆ. ಎಲ್ಡನ್ ನನ್ನನ್ನು ಅವಮಾನಿಸಬಹುದು. ಆದರೆ ಇದನ್ನು ಮಾಡುವುದಿಲ್ಲ. ಯಾರ ಮೇಲಿನ ಸಿಟ್ಟಿಗೂ ಮಾಡುವುದಿಲ್ಲ.

ಕುಂಟ. ರಜೆಯವರು. ಮಂಗಳವಾರದಿಂದ ಒಂದು ಹೆಸರೂ ಅಲುಗಾಡಿಲ್ಲ.

ಅಯ್ಯೋ ದೇವರೇ. ಕಾರಿನ ಕೀ ಎಲ್ಲಿ

ಅದೇ ದಿನ — ಸಂಜೆ, ಸುಮಾರು 5

ಆಸ್ಪತ್ರೆಯ ಪಾರ್ಕಿಂಗ್ ಚೀಟಿಯ ಹಿಂದೆ ಬರೆಯುತ್ತಿದ್ದೇನೆ, ಆಮೇಲೆ ಇಲ್ಲಿ ಅಂಟಿಸಿದರಾಯಿತು.

ಎಲ್ಡನ್ ಮನೆಯ ಕೀಲಿಕೈ ಎಂದಿನಂತೆ ಅವನ ಜಗಲಿಯ ಕಾಫಿ ಡಬ್ಬಿಯ ಕೆಳಗೇ ಇತ್ತು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಹಗಲಲ್ಲಿ. ಮೇಜಿನ ಮೇಲೆ ಅವನ ಫೋನ್, ಸತ್ತಿತ್ತು. ತೊಳೆದು ಒರಗಿಸಿಟ್ಟ ಒಂದು ತಟ್ಟೆ. ನೆಲಮಾಳಿಗೆಯ ಬಾಗಿಲು ತೆರೆದಿತ್ತು.

ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಮಂಗಳವಾರ ಬೆಳಗಿನ ಜಾವ ಇಳಿಯುವಾಗ ಜಾರಿರಬೇಕು. ಸೊಂಟದ ಮೂಳೆ ಮುರಿದಿದೆ. ನಾಲ್ಕು ದಿನ. ಸತ್ತಿದ್ದಾನೆ ಎಂದೇ ಅಂದುಕೊಂಡೆ. ಕರೆದೆ, ಕಣ್ಣು ಅಲುಗಿತು.

ಪಕ್ಕದಲ್ಲಿ ಮುಚ್ಚಳ ತೆಗೆದ ಎರಡು ಗಾಜಿನ ಜಾಡಿ. ಮೂರನೆಯದು ಒಡೆದಿತ್ತು. ಕೆಳಗಿನ ಹಲಗೆಯಿಂದ ಕೈಗೆ ಎಟುಕಿದ್ದು ಅಷ್ಟೇ ಇರಬೇಕು. ಪೀಚ್ ಹಣ್ಣು ಕುಡಿದು ಬದುಕಿದ್ದಾನೆ. ಹಣ್ಣಲ್ಲ, ಅದರ ಪಾಕ. ಜಾಡಿಯ ಮೇಲೆ ನನ್ನ ಅಕ್ಷರ. "ಪೀಚ್, ಆಗಸ್ಟ್ 2023."

ಡಾಕ್ಟರ್ ಹುಡುಗಿ ಹೇಳಿದಳು, ಮೂತ್ರಪಿಂಡ ಹೇಗೆ ಚೇತರಿಸಿಕೊಳ್ಳುತ್ತದೋ ನೋಡಬೇಕು, ಇನ್ನೊಂದು ದಿನ ಆಗಿದ್ದರೆ... ಎಂದು ನಿಲ್ಲಿಸಿದಳು. "ಒಳ್ಳೇ ಸಮಯಕ್ಕೆ ಹೋದ್ರಿ ಆಂಟಿ" ಅಂದಳು.

ಒಳ್ಳೇ ಸಮಯಕ್ಕೆ!

ಭಾನುವಾರ, 14

ಡ್ವೇನ್ ಫೋನ್ ಮಾಡಿದ. ನಾನು 8–2ರಿಂದ ಗೆದ್ದೆನಂತೆ.

ಸತ್ತ ಹಾಗೆ ಬಿದ್ದಿರ್ತಾನೆ ಅಂದೆನಲ್ಲ. ನನ್ನ ಬಾಯಿಂದಲೇ. ಮೀನು ತಿನ್ನುತ್ತಾ.

ಮಂಗಳವಾರ, 16 — ಮಧ್ಯಾಹ್ನ

ಎಚ್ಚರವಾಗಿದ್ದ. ತುಟಿಯೆಲ್ಲ ಒಡೆದಿದೆ. ನನ್ನನ್ನು ಕಂಡು ಮೊದಲು ಕೇಳಿದ್ದು —

"ಎಷ್ಟಾಯ್ತು?"

"ಏನೋ ಎಷ್ಟು?"

"ಇನ್ನಿಂಗ್ಸ್ ಕಣೇ."

"ಹದಿನಾಲ್ಕೇ."

ಕಣ್ಣು ಮುಚ್ಚಿದ. "ಥೂ."

ಇಬ್ಬರಿಗೂ ನಗು ಬಂತು. ನಾಲ್ಕು ತಿಂಗಳ ಮೇಲೆ. ಅಲ್ಲಿಗೆ ಎದ್ದು ಬಂದುಬಿಡಬೇಕಿತ್ತು ನಾನು.

"ಆರ್ಲಿ, ಅಲ್ಲಿ ಬಿದ್ದಿದ್ದಾಗ ನಂಗೆ ಒಂದೇ ಧೈರ್ಯ ಇತ್ತು ಗೊತ್ತಾ. ಪಕ್ಕದ ಮನೆಯವರು ಊರಲ್ಲಿಲ್ಲ. ಕೂಗಿದ್ರೆ ಯಾರಿಗೂ ಕೇಳಲ್ಲ. ಆದ್ರೆ ಆರ್ಲಿ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ನನ್ನ ತಂಡ ನೋಡ್ತಾಳೆ. ಮಂಗಳವಾರ ಒಂದೇ ದಿನಕ್ಕೆ ಕೂರಿಸಿದ್ದೆ ಪಿಚರ್‌ಗಳನ್ನ. ಬುಧವಾರ ಹಾಗೇ ಇದ್ರೆ ಅವಳಿಗೆ ಗೊತ್ತಾಗೇ ಆಗುತ್ತೆ, ಬರ್ತಾಳೆ ಅಂದ್ಕೊಂಡೆ. ಮೇಲೆ ಕಾರಿನ ಸದ್ದು ಆದಾಗೆಲ್ಲ ನೀನೇ ಅಂದ್ಕೊಂಡೆ."

ಇಡೀ ಊರಲ್ಲಿ ಅವನು ನಂಬಿಕೊಂಡಿದ್ದದ್ದು ಮಾತು ಬಿಟ್ಟ ನನ್ನನ್ನು.

"ಬುಧವಾರ ನೋಡ್ಲಿಲ್ವಾ?"

ಟ್ಯಾಬ್ಲೆಟ್ ಕೆಟ್ಟಿತ್ತು ಅನ್ನಬಹುದಿತ್ತು. ನಂಬುತ್ತಿದ್ದ. ನಾಲಿಗೆ ತುದಿಯವರೆಗೂ ಬಂದಿತ್ತು.

"ನೋಡ್ದೆ. ದಿನಾ ನೋಡ್ದೆ ಎಲ್ಡನ್."

"ಮತ್ತೆ?"

"ತಂತ್ರ ಅಂದ್ಕೊಂಡೆ."

ಯಂತ್ರ ಕೀಂಗುಡುತ್ತಿತ್ತು. ಅವನು ದಿಂಬಿನಿಂದ ತಲೆ ಎತ್ತಿದ.

"ಸ್ನಾಯು ಹರಿದವನನ್ನ ತಂಡದಲ್ಲಿ ಬಿಡೋದು ತಂತ್ರಾನಾ? ನಾನು ಬಿಡ್ತೀನಾ? ನಿಂಗೆ ನಾನು ಗೊತ್ತಿಲ್ವಾ?"

"ನನ್ನ ಕೀಳು ಮಾಡೋಕೆ ಅಂತ... ಫೋನ್ ಎತ್ತಿದ್ದೆ ಗುರುವಾರ. ಇಟ್ಟುಬಿಟ್ಟೆ."

ಮುಖ ಗೋಡೆಯ ಕಡೆ ತಿರುಗಿಸಿದ.

"ಹೋಗು ಆರ್ಲಿಸ್."

ಆರ್ಲಿ ಅನ್ನಲಿಲ್ಲ. ಪೂರ್ತಿ ಹೆಸರು.

ಗುರುವಾರ, 25

ಮೂತ್ರಪಿಂಡ ಚೇತರಿಸಿಕೊಂಡಿದೆಯಂತೆ. ನಡಿಗೆ ಕಲಿಸುವ ಆರೈಕೆ ಕೇಂದ್ರಕ್ಕೆ ಸಾಗಿಸಿದ್ದಾರೆ. ನಾಲ್ಕು ಸಲ ಹೋದೆ. ನಾಲ್ಕು ಸಲವೂ "ಮಲಗಿದ್ದಾರೆ" ಅಂದರು. ಮಧ್ಯಾಹ್ನದ ಊಟದ ಹೊತ್ತಲ್ಲೂ ಮಲಗಿದ್ದನಂತೆ.

ಡ್ವೇನ್‌ನನ್ನು ಮಾತ್ರ ಒಳಗೆ ಬಿಡುತ್ತಾನೆ. ಆ ಸೆಮಿಫೈನಲ್ ರದ್ದು ಮಾಡೋಣ ಎಂದು ಡ್ವೇನ್ ಕೇಳಿದನಂತೆ. ಎಲ್ಡನ್ ಒಪ್ಪಲಿಲ್ಲ. "ಇಪ್ಪತ್ತು ಎಸೆದಿಲ್ಲ, ಸೋತೆ. ಕರುಣೆ ಗಿರುಣೆ ಬೇಡ."

ಫೈನಲ್ ಸೋತೆನಂತೆ. ಒಂದು ದಿನವೂ ತೆರೆದು ನೋಡಲಿಲ್ಲ. ನನ್ನ ತಂಡವೂ ಏಳು ದಿನ ಅಲುಗಾಡದೆ ಕೂತಿತ್ತು. ಆ ಫೈನಲ್ ವಾರದ ಬುಧವಾರ ಬೆಳಿಗ್ಗೆ ಏಳಕ್ಕೆ ಡ್ವೇನ್, ಅವನ ಹೆಂಡತಿ, ಇನ್ನಿಬ್ಬರು ಬಂದು ಬಾಗಿಲು ಬಡಿದರು. ನಾಲ್ವರ ಮುಖವೂ ಬಿಳಿಚಿತ್ತು. ನಾನು ನಿಂತಿರುವುದು ಕಂಡು ಡ್ವೇನ್ ಮೆಟ್ಟಿಲ ಮೇಲೆ ಕುಸಿದು ಕೂತ. ಲೀಗಿಗೆ ಈಗ ಹೊಸ ಕಟ್ಟಳೆ — ಒಂದು ದಿನ ಹೆಸರು ಅಲುಗಾಡದಿದ್ದರೆ ಯಾರಾದರೂ ಹೋಗಿ ನೋಡಬೇಕು.

ಶನಿವಾರ, ಅಕ್ಟೋಬರ್ 4

ಅವನ ಮನೆ ಗುಡಿಸಿ ಬಂದೆ. ಕೇಳದೆ. ಗಾಜಿನ ಚೂರು, ಅಂಟು ಅಂಟು ಪಾಕ, ಇರುವೆ. ಮಂಡಿಯೂರಿ ಒರೆಸಿದೆ. ಅಲ್ಲಿಂದ ಮೇಲೆ ನೋಡಿದರೆ ಹನ್ನೊಂದು ಮೆಟ್ಟಿಲು. ತೆರೆದ ಬಾಗಿಲಲ್ಲಿ ಒಂದು ತುಂಡು ಬೆಳಕು. ಅದನ್ನೇ ನೋಡುತ್ತಾ ನನಗೆ ಕಾದ.

ತಟ್ಟೆ ಎತ್ತಿಡಲು ಕಪಾಟು ತೆರೆದೆ. ಒಳಗೆ ಇನ್ನೊಂದು ತಟ್ಟೆ ಇತ್ತು. ನೀಲಿ ಅಂಚಿನದು, ಭಾನುವಾರ ಹೋದಾಗ ನನಗೆ ಬಡಿಸುತ್ತಿದ್ದದ್ದು. ಐದು ತಿಂಗಳಾದರೂ ಅದರ ಮೇಲೆ ಧೂಳಿಲ್ಲ.

ನೆಲದ ಮೇಲೇ ಕೂತುಬಿಟ್ಟೆ.

ಸೋಮವಾರ, ಅಕ್ಟೋಬರ್ 20 — ಸಂಜೆ 4.10

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಏಳುತ್ತೇನೆ. ಋತು ಮುಗಿದಿದೆ, ನೋಡಲು ಏನೂ ಇಲ್ಲ. ಆದರೂ ಅವನ ಪುಟ ತೆರೆಯುತ್ತೇನೆ. ಸೆಪ್ಟೆಂಬರಿನ ಹೆಸರುಗಳು ಹಾಗೇ ಇವೆ.

ಡ್ವೇನ್‌ನ ಟ್ರಕ್ಕು ಬಂದು ಮನೆ ಮುಂದೆ ನಿಂತಿತು. ಎಲೆ ಗುಡಿಸುವ ಯಂತ್ರ ವಾಪಸು ತಂದಿರಬೇಕು.

ಅಲ್ಲ. ಇನ್ನೊಂದು ಬದಿಯ ಬಾಗಿಲು ತೆರೆದಿದೆ. ಇಳಿಯಲು ಇಷ್ಟು ಹೊತ್ತಾ?

ವಾಕರ್. ಅದರ ಮುಂದಕ್ಕೆ ಬೇಕರಿಯ ಚಪ್ಪಟೆ ಕ್ರಿಂಗಲ್ ಡಬ್ಬಿಯೊಂದನ್ನು ಹಗ್ಗದಿಂದ ಕಟ್ಟಿದೆ. ಎಷ್ಟು ಇಳಿದುಹೋಗಿದ್ದಾನೆ! ಅಂಗಿ ಬೇರೆಯವರದ್ದೇನೋ ಅನ್ನುವ ಹಾಗಿದೆ. ಕಿಟಕಿ ಮುಚ್ಚಿದ್ದರೂ ಕೇಳಿಸುತ್ತಿದೆ —

"ಕೈ ಬಿಡೋ ಮಾರಾಯ. ನಾನೇ ಹತ್ತಬೇಕು."

"ಬೀಳ್ತೀಯಾ ಕಣೋ!"

"ಬಿದ್ರೆ ಬೇಗ ನೋಡೋಳು ಒಬ್ಬಳಿದಾಳಲ್ಲ ಒಳಗೆ."

ಆರು ಮೆಟ್ಟಿಲಿವೆ. ಒಂದು. ಎರಡು. ನಿಂತ. ಟೋಪಿಯನ್ನು ಈಗಲೇ ತೆಗೆದು ಡಬ್ಬಿಯ ಮೇಲಿಟ್ಟ. ಮೂರು.

ಗಂಟೆ ಅವನೇ ಒತ್ತಬೇಕು, ಕಟ್ಟಳೆ. ಇದಕ್ಕೇ ಅಲ್ಲವೇ ಇಡೀ ಬೇಸಿಗೆ ಕಾದದ್ದು. ನಾಲ್ಕು. ಕಾಲು ನಡುಗುತ್ತಿದೆ ಅವನದು. ಇಲ್ಲ, ನಾಲ್ಕು ದಿನ ಕಾಯಿಸಿದ್ದೇ ಸಾಕು, ನಾನೇ ಹೋಗಿ