ಎಲ್ಲದಕ್ಕೂ ಒಂದೇ ಅಂದೆ

ಮಾರ್ಚ್ 4, ಬೆಳಿಗ್ಗೆ

ಹಾಲು ಹಿಂಡಿ ಕೊಟ್ಟೆ. ಬಾಟಲಿಯ ತಳ ಮುಚ್ಚುವಷ್ಟು. ಸಿಸ್ಟರ್ ಲೇಬಲ್ ಅಂಟಿಸಿ ಫ್ರಿಜ್ಜಿಗಿಟ್ಟರು. "ಸಾಕು ಬಿಡಮ್ಮ, ಅವಳಿಗೆ ಇದೇ ಜಾಸ್ತಿ" ಅಂದರು. ಮೊಣಕೈವರೆಗೆ ಕೈ ತೊಳೆದು, ಗೌನು ಹಾಕಿಕೊಂಡು ಒಳಗೆ ಹೋದೆ. ಗಾಜಿನ ಪೆಟ್ಟಿಗೆಯ ಕಿಂಡಿಯಿಂದ ಬೆರಳು ತೂರಿಸಿ ಕಡ್ಡಿಯ ಪಾದ ಮುಟ್ಟಿದೆ. ಅಷ್ಟಕ್ಕೇ ಪರ್ಮಿಷನ್. ಎತ್ತಿಕೊಳ್ಳುವ ಹಾಗಿಲ್ಲ. ಹತ್ತು ವಾರ ಮುಂಚೆ ಹುಟ್ಟಿದವಳು. ಕಡ್ಡಿ ಅಂತ ಕರೆದಿದ್ದು ನಾನೇ. ಬೆಂಕಿಕಡ್ಡಿಯ ಹಾಗೆ ಕೈಕಾಲು, ತಲೆಗೆ ಕೆಂಪು ಟೋಪಿ.

ಹೊರಗೆ ಬಂದರೆ ಇವರು ಕಾರಿಡಾರಿನಲ್ಲಿ ಫೋನು ಹಿಡಿದು ನಿಂತಿದ್ದರು. ಬೆನ್ನು ನನ್ನ ಕಡೆ. ಆ ಕಡೆ ಅವರ ಅಕ್ಕ.

"ಬೇಡ ಬೇಡ ಅಂತ ಬಡ್ಕೊಂಡೆ ಕಣಕ್ಕಾ. ಇಡೀ ದಿನ ಅಂಗಡೀಲಿ ನಿಂತೇ ಇರ್ತಿದ್ಲು. ಅದಕ್ಕೇ ಹೀಗಾಗಿದ್ದು."

ಅದಕ್ಕೇ ಹೀಗಾಗಿದ್ದು! ಕಾರಣ ಗೊತ್ತಿಲ್ಲ, ಯಾರ ತಪ್ಪೂ ಅಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದ್ದಾರೆ. ಈ ಮಹಾನುಭಾವ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದ. ಕನ್ನಡಕದ ಅಂಗಡಿಯಲ್ಲಿ ನಾನು ನಿಂತಿದ್ದೇನು ಶೋಕಿಗಾ? ಲಿಫ್ಟ್ ರಿಪೇರಿ ಮಾಡುವವನಿಗೆ ನನ್ನ ಹೊಟ್ಟೆಯಲ್ಲಿ ಏನು ಕೆಟ್ಟಿತ್ತು ಅಂತ ಗೊತ್ತಂತೆ.

ತಿರುಗಿ ನೋಡಿ ನಕ್ಕರು. "ಕಾಫಿ ತರ್ಲಾ?" ತನ್ನಿ ಅಂದೆ. ಕುಡಿದೆ ಕೂಡ. ಆದರೆ ಇದನ್ನು ಸುಮ್ಮನೆ ಬಿಡುವವಳು ನಾನಲ್ಲ.

ಮಾರ್ಚ್ 5

ಫೈಲು ಹಿಡಿದ ಒಬ್ಬಾಕೆ ಬಂದಿದ್ದರು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಎಷ್ಟು ಒತ್ತಡ ಇರುತ್ತದೆ ಅಂತ ಅಳೆಯುತ್ತಾರಂತೆ. ಅಳೆಯಲು ಟೇಪು ತಂದಿದ್ದೀರಾ ಅಂತ ಕೇಳಬೇಕೆನಿಸಿತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಒಂದು ಅಂದರೆ ಏನೂ ಕಷ್ಟವಿಲ್ಲ, ಐದು ಅಂದರೆ ತಡೆಯೋಕಾಗಲ್ಲ. ಇನ್ನೂ ಏನೇನೋ ವಿವರಿಸಿದರು. ಒಳಗೆ ಯಾವುದೋ ಮಷಿನ್ ಕೂಗುತ್ತಿತ್ತು, ಅದು ಕಡ್ಡಿಯದಾ ಅಂತ ನನ್ನ ಕಿವಿಯೆಲ್ಲ ಅಲ್ಲೇ.

ಪ್ರಶ್ನೆ ಮೇಡಂ ಆಚೆ ಹೋದದ್ದೇ ತಡ, ಬೆಂಚಿನ ಮೂಲೆಯಿಂದ ಅವಳಿಗಳ ಅಮ್ಮ ಹತ್ತಿರ ಸರಿದಳು.

"ನೋಡು, ಎಲ್ಲದಕ್ಕೂ ಒಂದು ಅಂದ್ಬಿಡು. ಜಾಸ್ತಿ ಹೇಳಿದೋರ ಒಳಗೆ ಬಿಡೋ ಪಾಸ್ ಕಿತ್ಕೊಳ್ತಾರಂತೆ. ತಲೆ ಕೆಟ್ಟಿರೋರ ಕೈಗೆ ಮಗು ಯಾರು ಕೊಡ್ತಾರೆ ಹೇಳು."

"ಪರೀಕ್ಷೆ ಅಲ್ಲ ಅಂದ್ರಲ್ಲ ಅವ್ರು?"

"ಎಲ್ಲಾ ಪರೀಕ್ಷೇಲೂ ಹಾಗೇ ಹೇಳ್ತಾರೆ ಕಣಮ್ಮ. ಹಸಿರು ಶಾಲು ಹೊದ್ಕೊಂಡು ಕೂತಿರ್ತಿದ್ಲಲ್ಲ, ಅವ್ಳು ಹೋದ ವಾರ ಎಲ್ಲದಕ್ಕೂ ಐದು ಅಂದ್ಲಂತೆ. ಮಾರನೇ ದಿನದಿಂದ ಬೆಂಚಲ್ಲಿ ಕಂಡ್ಯಾ ಅವ್ಳನ್ನ?"

ಕಂಡಿಲ್ಲ. ಕುತ್ತಿಗೆಯಲ್ಲಿದ್ದ ನನ್ನ ಪಾಸ್ ಮುಟ್ಟಿ ನೋಡಿಕೊಂಡೆ. ಆಮೇಲೆ ನಿಧಾನಕ್ಕೆ ಇನ್ನೊಂದು ಯೋಚನೆ ಬಂತು. ಇವರ ಪಾಸ್ ಹೋದರೆ?

ಮಾರ್ಚ್ 6

ನನ್ನ ಸರದಿ ಮುಗಿಯಿತು. ಲೈಸೆನ್ಸಿಗಾಗಿ ನಮ್ಮ ಅಂಗಡಿಗೆ ಕಣ್ಣು ಪರೀಕ್ಷೆಗೆ ಬರುವ ಕೆಲವರು ಬೋರ್ಡಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ನಾನೂ ಹಾಗೇ ಒಪ್ಪಿಸಿದೆ. ಮಷಿನ್ ಕೂಗಿದಾಗ? ಒಂದು. ಮಗುವಿನ ಮೈಮೇಲಿನ ಪೈಪು ನೋಡಿದಾಗ? ಒಂದು. ಉಸಿರು ನಿಂತಂತೆ ಕಂಡಾಗ? ಒಂದು.

"ಮಗುವನ್ನು ಎತ್ತಿಕೊಳ್ಳಲಾಗದೆ ಇರುವುದು?"

ಕೆಮ್ಮಿದೆ. "ಒಂದೇ, ಮೇಡಂ."

ಆಕೆ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಕಿಟಕಿ ನೋಡಿದೆ. ನಾಳೆ ಇವರ ಸರದಿ. ಪಾಸ್ ಕಿತ್ತುಕೊಳ್ಳಲಿ. ವಾರ್ಡಿನ ಗಾಜಿನ ಗೋಡೆಯಾಚೆ ನಿಂತುಕೊಂಡು ಅಕ್ಕನಿಗೆ ಎಷ್ಟು ಬೇಕೋ ಅಷ್ಟು ಫೋನು ಮಾಡಲಿ.

ಮಾರ್ಚ್ 7

ಹನ್ನೊಂದಕ್ಕೆ ಕಡ್ಡಿಯ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರೆ. ಆ ಹೊತ್ತಿಗೆ ಸರಿಯಾಗಿ ಇವರಿಗೆ ದಿನಾ ಹಸಿವಾಗುತ್ತದೆ, ಕ್ಯಾಂಟೀನಿಗೆ ಓಡುತ್ತಾರೆ. ಇವತ್ತು ತೋಳು ಹಿಡಿದುಕೊಂಡೆ. "ಪಕ್ಕದಲ್ಲಿ ನಿಂತಿರಿ, ಯಾಕೋ ಕೈಕಾಲು ನಡುಗ್ತಿದೆ." ನಡುಗುತ್ತಿರಲಿಲ್ಲ.

ಚುಚ್ಚಿದರು. ಕಡ್ಡಿ ಬಾಯಿ ತೆರೆದು, ಮುಖ ಕೆಂಪಾಗಿಸಿಕೊಂಡು ಅತ್ತಳು. ಗಂಟಲಲ್ಲಿ ಪೈಪು, ಸದ್ದಿಲ್ಲ. ನಾನು ದಿನಾ ನೋಡುತ್ತೇನೆ. ಇವರು ನೋಡಿದ್ದು ಇವತ್ತೇ. ಪೆಟ್ಟಿಗೆಯ ಅಂಚು ಹಿಡಿದುಕೊಂಡು, "ಸೌಂಡೇ ಬರ್ತಿಲ್ವಲ್ಲೇ" ಅಂದರು. ಬಿಳುಚಿಕೊಂಡಿದ್ದರು.

ಹಾಗೇ ಕರೆದುಕೊಂಡು ಹೋಗಿ ಪ್ರಶ್ನೆ ಮೇಡಂ ಮುಂದೆ ಕೂರಿಸಿದೆ. "ಏನೂ ಮುಚ್ಚಿಡ್ಬೇಡಿ ರೀ. ಮನಸ್ಸು ಹಗುರ ಆಗುತ್ತೆ." ಎಷ್ಟು ಬೆಣ್ಣೆಯಂಥ ಮಾತು ನನ್ನ ಬಾಯಲ್ಲಿ.

ತುಂಬಾ ಹೊತ್ತಾದ ಮೇಲೆ ಹೊರಗೆ ಬಂದರು. ಕಣ್ಣು ಕೆಂಪು. "ಎಲ್ಲಾ ಐದೇ ಅಂದ್ಬಿಟ್ಟೆ ಅನ್ಸುತ್ತೆ." ಬೆನ್ನು ಸವರಿದೆ. ಕ್ಯಾಂಟೀನಿಗೆ ಹೋಗಿ ಎರಡು ಬನ್ನು ತಿಂದೆ. ಹೆರಿಗೆಯಾದ ಮೇಲೆ ಇವತ್ತೇ ಹೊಟ್ಟೆ ತುಂಬಾ ತಿಂದಿದ್ದು. ಅನುಭವಿಸಲಿ.

ಮಾರ್ಚ್ 9

ಅಕ್ಷರಗಳೆಲ್ಲ ಸೊಟ್ಟಗಾಗುತ್ತಿವೆ.

ಸಿಸ್ಟರ್ ಬಂದು ಇವರನ್ನು ಕರೆದರು. ಬಂತು ನೋಡು ಅಂದುಕೊಂಡೆ, ಪಾಸ್ ಹೋಯಿತು. ಹಿಂದೆಯೇ ಹೋಗಿ ಗಾಜಿನ ಹತ್ತಿರ ನಿಂತೆ. ಇವರ ಶರ್ಟು ಬಿಚ್ಚಿಸಿದರು. ಒರಗು ಕುರ್ಚಿಯಲ್ಲಿ ಕೂರಿಸಿದರು. ಪೆಟ್ಟಿಗೆ ತೆರೆದು, ಕಡ್ಡಿಯನ್ನು ಎತ್ತಿ, ಇವರ ಎದೆಯ ಮೇಲೆ ಮಲಗಿಸಿ ಹೊದಿಸಿದರು.

ಇವರ ಎದೆಯ ಮೇಲೆ.

ಪ್ರಶ್ನೆ ಮೇಡಂ ಪಕ್ಕಕ್ಕೆ ಬಂದರು. "ಒತ್ತಡ ಜಾಸ್ತಿ ಇರೋರಿಗೆ ಮೊದಲು ಮಗು ಕೊಡ್ತೀವಿ. ಆಮೇಲೆ ಕಮ್ಮಿ ಆಗುತ್ತಾ ನೋಡ್ತೀವಿ. ನಮ್ಮ ಸ್ಟಡಿನೇ ಅದು. ಅವತ್ತೇ ಹೇಳಿದ್ನಲ್ಲ? ಎರಡೇ ಕುರ್ಚಿ, ಒಂದು ಮಗುವಿಗೆ ದಿನಕ್ಕೆ ಒಂದೇ ಗಂಟೆ. ನಿಮ್ಮಂಥ ಗಟ್ಟಿ ತಾಯಿಗೆ ಬಿಡಿ, ಏನೂ ಬೇಕಾಗಿಲ್ಲ."

ಇನ್ನೊಂದು ಕುರ್ಚಿಯಲ್ಲಿ ಹಸಿರು ಶಾಲಿನವಳು ಮಗು ಹೊದ್ದುಕೊಂಡು ತೂಕಡಿಸುತ್ತಿದ್ದಳು. ಇನ್ನು ಬೆಂಚಿನಲ್ಲಿ ಹೇಗೆ ಕಂಡಾಳು.

ಗಾಜಿಗೆ ಪರದೆ ಹಾಕಿರಲಿಲ್ಲ. ಇವನು ಪದೇ ಪದೇ ನನ್ನ ಕಡೆ ನೋಡುತ್ತಿದ್ದ, ಬೇಕಂತಲೇ, ನೋಡು ಹೇಗೆ ಅಂತ ಮೆರೆಯಲು. ನನ್ನ ಗೌನಿನ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು. ಅವಳಿಗಳ ಅಮ್ಮನನ್ನು ಹುಡುಕಿದೆ, ಹಿಡಿದು ಜಾಡಿಸಲು. ಪಾಪ, ಅವಳೂ ಅಲ್ಲೇ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಅವಳ ಗಂಡನೂ ಒಂದೇ ಅಂದಿದ್ದನಂತೆ.

ಮಾರ್ಚ್ 13

ಮೂರು ದಿನ ಬರೆಯಲಿಲ್ಲ. ಬರೆಯಲು ಇದ್ದದ್ದೆಲ್ಲ ಬೈಗುಳ.

ದಿನಾ ಒಂದು ಗಂಟೆ ಇವರಿಗೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಪುರಾಣ. "ಅವ್ಳು ಉಸಿರು ಬಿಟ್ರೆ ಇಲ್ಲೇ ಬಿಸಿ ಆಗುತ್ತೆ, ನೋಡು" ಅಂತ ಎದೆ ಮುಟ್ಟಿ ತೋರಿಸುತ್ತಾರೆ. ನಾನು ಬಸ್ಸಿನ ಕಿಟಕಿ ನೋಡುತ್ತೇನೆ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದೆ, ಇವರನ್ನು ಮೇಲೆ ಕೂರಿಸಿ.

ಪ್ರಶ್ನೆ ಮೇಡಂ ಹತ್ತಿರ ಹೋಗಿ ಹೇಳಿದೆ, ಅವತ್ತು ಹೇಳಿದ್ದೆಲ್ಲ ಸುಳ್ಳು ಅಂತ. ನಂಬಬೇಕಲ್ಲ. "ಯಜಮಾನ್ರಿಗೆ ಕೊಟ್ವಿ ಅಂತ ಬೇಜಾರಾ?" ಅಂತ ನಕ್ಕರು. ಎರಡನೇ ಸುತ್ತು ಗುರುವಾರವಂತೆ, ಆಗ ಹೇಳಬೇಕಂತೆ.

ಮಾರ್ಚ್ 15

ಗುರುವಾರ. ಬಾಗಿಲ ಹೊರಗೆ ಕಾಯುತ್ತಿದ್ದಾಗ ಇವರು ಕಿವಿಯ ಹತ್ತಿರ ಬಾಗಿದರು. "ಈ ಸಲ ನಾನು ಎಲ್ಲಾ ಒಂದು ಅಂತೀನಿ. ನೀನು ಐದು ಅನ್ನು. ನಿನಗೆ ಕೊಡ್ತಾರೆ."

"ಯಾಕೆ?"

"ಯಾಕೆ ಅಂದ್ರೆ? ನೀನು ಅಲ್ಲಿ ಗಾಜಿನ ಹತ್ರ ನಿಂತಿರೋದು ನೋಡೋಕಾಗಲ್ಲ ನನ್ ಕೈಲಿ."

ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಜೋಪಾನ ಮಾಡಿದ ಸಿಟ್ಟು, ಇವರು ಹೀಗೆ ಒಳ್ಳೆಯವರಾಗಿಬಿಟ್ಟರೆ ಅದನ್ನೆಲ್ಲಿ ಇಟ್ಟುಕೊಳ್ಳಲಿ? ಅಲ್ಲೇ ಅಂದುಬಿಟ್ಟೆ. "ನಿಮ್ಮಕ್ಕನ ಹತ್ರ ನನ್ನ ಬಗ್ಗೆ ಹೇಳಿದ್ದು ಕೇಳಿಸ್ಕೊಂಡಿದ್ದೀನಿ. ನಾನು ನಿಂತಿದ್ದಕ್ಕೇ ಹೀಗಾಯ್ತು ಅಂದ್ರಲ್ಲ. ಒಂದಕ್ಷರ ಬಿಡದೆ ಕೇಳಿಸ್ಕೊಂಡಿದ್ದೀನಿ."

ಇವರ ಮುಖ ಇಳಿದುಹೋಯಿತು. "ಲಿಫ್ಟ್ ನಿಂತ್ರೆ ಎಲ್ಲೋ ಒಂದ್ಕಡೆ ಕೆಟ್ಟಿರ್ಲೇಬೇಕು. ಹುಡುಕ್ತೀನಿ, ಸಿಗುತ್ತೆ. ಇದ್ರಲ್ಲಿ ಏನೂ ಸಿಗ್ಲಿಲ್ಲ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ಸಿಕ್ಕಿದ್ದು ನಾನಾ?"

ತಪ್ಪಾಯಿತು ಅನ್ನಲಿಲ್ಲ. ಅಂದಿದ್ದರೂ ನಾನು ಬಿಡುತ್ತಿರಲಿಲ್ಲ.

ಒಳಗೆ ಹೋಗಿ ಐದು ಐದು ಅನ್ನುತ್ತ ಹೋದೆ. ಮಗು ಎತ್ತಿಕೊಳ್ಳುವ ಪ್ರಶ್ನೆ ಬಂದಾಗ ಬಾಯಿ ತೆರೆದರೆ ಸದ್ದೇ ಬರಲಿಲ್ಲ. ಮೇಡಂ ತಾವೇ ಬರೆದುಕೊಂಡರು.

ಮಾರ್ಚ್ 17, ಸಂಜೆ

ಕರೆದರು. ನನ್ನನ್ನು.

ಕುರ್ಚಿಯಲ್ಲಿ ಒರಗಿದೆ. ವೈರುಗಳನ್ನು ಒಂದೊಂದಾಗಿ ಸರಿಪಡಿಸಿ ಕಡ್ಡಿಯನ್ನು ಎದೆಯ ಮೇಲಿಟ್ಟರು. ಭಾರವೇ ಇಲ್ಲ. ಬಿಸಿ ಇದೆ. ಇವರು ಹೇಳಿದ್ದು ನಿಜ, ಉಸಿರು ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದು ತಾಗುತ್ತದೆ.

ತಲೆಯೆತ್ತಿದೆ. ಗಾಜಿನ ಆಚೆ ಇವರು, ನಾನು ನಿಲ್ಲುತ್ತಿದ್ದ ಜಾಗದಲ್ಲೇ. ಕೈ ಎತ್ತಿ ಆಡಿಸಿದರು.

"ಸಿಸ್ಟರ್, ಪರದೆ ಹಾಕಿ" ಅಂದೆ. ಬಟ್ಟೆ ನೋಡಿಕೊಂಡು ನಿಲ್ಲಲಿ, ಗೊತ್ತಾಗಲಿ.

ಸಿಸ್ಟರ್ ಎಳೆದರು. ಎಳೆಯುತ್ತ ಅಂದರು, "ನಿಮ್ಮ ಯಜಮಾನ್ರು ಹಾಕೋಕೇ ಬಿಡ್ತಿರ್ಲಿಲ್ಲ. ದಿನಾ ಜಗಳ. ಅವ್ಳಿಗೆ ಮಗು ಕಾಣಿಸ್ಬೇಕು, ತೆಗೀರಿ ಅಂತ." ಹಾಗೆ ಹೇಳಿ ಇನ್ನೊಂದು ಪೆಟ್ಟಿಗೆಯ ಕಡೆ ಹೋದರು.

ಆಗ ಕಡ್ಡಿ ಕಣ್ಣು ಬಿಟ್ಟಳು. ಇಷ್ಟು ದಿನ ರೆಪ್ಪೆ ಒಂಚೂರು ಎತ್ತಿ ಬಿಟ್ಟುಬಿಡುತ್ತಿದ್ದಳು. ಇವತ್ತು ಎರಡೂ, ಪೂರ್ತಿ. ನನ್ನನ್ನೇ ನೋಡಿದಳು. ಅಂಗಡಿಯಲ್ಲಿ ಎಷ್ಟೋ ಜನರ ಕಣ್ಣು ನೋಡಿದ್ದೇನೆ, ಇಂಥವನ್ನು ನೋಡಿಲ್ಲ.

"ರೀ, ನೋಡ್ರೀ" ಅಂದೆ. ಬಾಯಿಂದ ಬಂದೇಬಿಟ್ಟಿತು. ಎದುರಿಗಿದ್ದದ್ದು ಪರದೆ. ಎರಡು ಕೈಯೂ ಮಗುವಿನ ಮೇಲೆ, ಎಳೆಯುವುದು ಹೇಗೆ? ಮಗು ಬೆಚ್ಚದ ಹಾಗೆ ಮೆಲ್ಲಗೆ ಸಿಸ್ಟರನ್ನು ಕರೆದೆ. ಅವರು ಬಂದು ಪರದೆ ಸರಿಸುವಷ್ಟರಲ್ಲಿ ಕಣ್ಣು ಮುಚ್ಚಿದ್ದಳು. ಇವರು ಆಚೆ ಹಾಗೇ ನಿಂತಿದ್ದರು. ಮತ್ತೆ ಕೈ ಆಡಿಸಿದರು.

ಈಗ ಬೆಂಚಿನಲ್ಲಿ ಕೂತಿದ್ದೇನೆ. ಇವರು ಪಕ್ಕದಲ್ಲಿ. ಹೇಗಿತ್ತು, ಹೇಗಿತ್ತು ಅಂತ ಪ್ರಾಣ ತಿನ್ನುತ್ತಿದ್ದಾರೆ. ತಡೀರಿ, ಬರೀತಿದ್ದೀನಿ ಅಂದೆ. ಹೇಳಬಾರದು ಅಂತಿದ್ದೇನೆ. ಯಾವತ್ತೂ ಹೇಳಬಾರದು. ಇದಕ್ಕಿಂತ ದೊಡ್ಡ ಸೇಡು ಇನ್ನು ನನ್ನ ಕೈಗೆ ಸಿಗುವುದಿಲ್ಲ. ಆದರೆ ನಾನು ಹೇಳದಿದ್ದರೆ ಈ ಲೋಕದಲ್ಲಿ ಇನ್ನೊಬ್ಬರಿಗೂ ಗೊತ್ತಾಗುವುದಿಲ್ಲ, ಅವಳು ಹೇಗೆ ನೋಡಿದಳು ಅಂತ. ಮತ್ತೆ ಕೇಳಿದರು. ಪೆನ್ನು ಹಿಡಿದೇ ಅವರ ಕಡೆ ತಿರುಗಿ ಅಂದೆ, "ಕಡ್ಡಿ ಇವತ್ತು ಕಣ್ಣು ಬಿಟ್ಲು ರೀ."